ನೂರಾ ಅರವತ್ತು ರೂಪಾಯಿಯ ನೋಟ್ಸಿನಲ್ಲಿ ರಕ್ಷಣಾ ಮಂತ್ರಿಯ ಕುರ್ಚಿ

ಬೆಳಗಾವಿಯ ಕಾಲೇಜು ರಸ್ತೆಯ ಝೆರಾಕ್ಸ್ ಅಂಗಡಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ನೋಟ್ಸುಗಳನ್ನು ಸ್ಪೈರಲ್ ಹಾಕಿ ಮಾರುವುದು ಹೊಸದೇನಲ್ಲ. ಸಂವಿಧಾನ, ಪಂಚಾಯತ್ ರಾಜ್, ಕರ್ನಾಟಕದ ನದಿಗಳು, ಮಾನಸಿಕ ಸಾಮರ್ಥ್ಯ ಎಂದು ಬಣ್ಣಬಣ್ಣದ ಹೊದಿಕೆಯ ಕಟ್ಟುಗಳು ಅಲ್ಲಿ ಬಾಗಿಲವರೆಗೂ ಪೇರಿಸಿರುತ್ತವೆ. ಕಳೆದ ತಿಂಗಳು ಮಗಳ ಪಿಎಸ್‌ಐ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಲು ಹೋದಾಗ, ಆ ರಾಶಿಯ ನಡುವೆ ‘ರಕ್ಷಣಾ ಮಂತ್ರಾಲಯ ಮತ್ತು ರಕ್ಷಣಾ ಮಂತ್ರಿಗಳು: ಇತಿಹಾಸ’ ಎಂಬ ಹಸಿರು ಹೊದಿಕೆಯ ಕಟ್ಟು ಕಣ್ಣಿಗೆ ಬಿತ್ತು. ತೊಂಬತ್ತಾರು ಪುಟ, ಬೆಲೆ 160 ರೂಪಾಯಿ. ಸಿದ್ಧಪಡಿಸಿದವರ ಹೆಸರು ಎಲ್ಲಿಯೂ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದ ನನಗೆ ಈ ವಿಷಯದ ಮೇಲೆ ಕನ್ನಡದಲ್ಲಿ ಒಂದು ಇಡೀ ಕಟ್ಟು ಸಿಕ್ಕಿದ್ದೇ ಸೋಜಿಗವೆನಿಸಿತು. ಅಂಗಡಿಯ ಹುಡುಗ “ಕಾಕಾ, ಅಗ್ನಿವೀರ್ ಹುಡುಗ್ರು ಭಾಳ ಒಯ್ತಾರ್ರೀ ಇದನ್ನ” ಎಂದು ಶಿಫಾರಸನ್ನೂ ಮಾಡಿದ. ಕೊಂಡು ತಂದು, ಎರಡು ಸಲ ಪೂರ್ತಿ ಓದಿ, ಪೆನ್ಸಿಲ್ ಹಿಡಿದು ಮೂರನೆಯ ಸಲ ಓದಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಕಟ್ಟಿನ ಹೊರರೂಪದ ಮಾತು. ಕಾಗದ ತೆಳುವಾಗಿದ್ದು, ಹಿಂಬದಿಯ ಅಕ್ಷರಗಳು ಮುಂಬದಿಗೆ ಕಾಣಿಸುತ್ತವೆ. ನುಡಿ ಅಕ್ಷರದಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತುಗಳೆಲ್ಲ ಉದುರಿಹೋಗಿರುವುದನ್ನು ಯಾರೂ ನೋಡಿಕೊಂಡಿಲ್ಲ. ಹಾಗಾಗಿ ‘ಕಾರ್ಯದರ್ಶಿ’ ಎಂಬುದು ಇಡೀ ಪುಸ್ತಕದಲ್ಲಿ ‘ಕಾಯದಶಿ’ಯಾಗಿ, ‘ಸರ್ಕಾರ’ವು ‘ಸಕಾರ’ವಾಗಿ ಉಳಿದಿವೆ. ಎರಡು ಕಡೆ ಪುಟಗಳು ಅದಲುಬದಲಾಗಿವೆ. ಇವನ್ನೆಲ್ಲ ಈ ಬೆಲೆಗೆ ಸಹಿಸಿಕೊಳ್ಳಬಹುದು. ನನ್ನ ಆಕ್ಷೇಪವಿರುವುದು ಇಪ್ಪತ್ತೊಂದನೆಯ ಪುಟದಿಂದ ಇಪ್ಪತ್ನಾಲ್ಕನೆಯ ಪುಟದವರೆಗೆ ಹಬ್ಬಿರುವ ಒಂದು ಪಟ್ಟಿಯ ಬಗ್ಗೆ, ಅದರಲ್ಲಿಯೂ ಆ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಎಳೆದಿರುವ ಅಡ್ಡಗೆರೆಗಳ ಬಗ್ಗೆ. ಅಲ್ಲಿಗೆ ಬರುವ ಮುನ್ನ, ಪುಸ್ತಕದ ಮೊದಲ ಭಾಗಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಬೇಕು.

ಸ್ವಾತಂತ್ರ್ಯಪೂರ್ವದ ಕಥೆಯನ್ನು ಇದು 1776ರಿಂದ ಆರಂಭಿಸುತ್ತದೆ. ಆ ವರ್ಷ ಈಸ್ಟ್ ಇಂಡಿಯಾ ಕಂಪನಿಯು ಕಲ್ಕತ್ತೆಯಲ್ಲಿ ಮಿಲಿಟರಿ ಇಲಾಖೆಯನ್ನು ತೆರೆಯಿತು. ಬಂಗಾಳ, ಮದರಾಸು, ಮುಂಬಯಿ ಪ್ರೆಸಿಡೆನ್ಸಿಗಳ ಸೈನ್ಯಗಳು ಬೇರೆಬೇರೆಯಾಗಿದ್ದವು; 1895ರ ಏಪ್ರಿಲಿನಲ್ಲಿ ಅವುಗಳನ್ನು ಒಂದೇ ಭಾರತೀಯ ಸೈನ್ಯವಾಗಿಸಲಾಯಿತು. ನಮ್ಮ ಬೆಳಗಾವಿ ಆಗ ಮುಂಬಯಿ ಪ್ರೆಸಿಡೆನ್ಸಿಯ ದಂಡಿನ ಊರು. ಇಲ್ಲಿಯ ಕ್ಯಾಂಪ್ ಪ್ರದೇಶ ಇಂದಿಗೂ ಅದೇ ಹೆಸರಿನಿಂದ ಕರೆಯಿಸಿಕೊಳ್ಳುತ್ತದೆ. ದಂಡು ಮಂಡಳಿಯು ರಕ್ಷಣಾ ಮಂತ್ರಾಲಯದ ಅಧೀನದಲ್ಲಿದೆ ಎಂಬುದು ಕ್ಯಾಂಪಿನಲ್ಲಿ ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಗೊತ್ತು. ಇಷ್ಟು ಹತ್ತಿರದ ಉದಾಹರಣೆಯನ್ನು ಬೆಳಗಾವಿಯಲ್ಲೇ ಮಾರುವ ಪುಸ್ತಕ ಬಳಸಿಕೊಂಡಿಲ್ಲವೆನ್ನುವುದು ಒಂದು ಸಣ್ಣ ಬೇಸರ.

ವೈಸರಾಯ್ ಕರ್ಜನ್ ಮತ್ತು ಸೇನಾಪತಿ ಕಿಚನರ್ ನಡುವಿನ ಜಗಳಕ್ಕೆ ಇಲ್ಲಿ ಒಂದೇ ಒಂದು ಸಾಲು ಸಿಕ್ಕಿದೆ: ‘1905ರಲ್ಲಿ ಕರ್ಜನ್ ರಾಜೀನಾಮೆ ನೀಡಿದನು.’ ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಬೇರು ಇರುವುದೇ ಆ ಜಗಳದಲ್ಲಿ. ವೈಸರಾಯ್ ಮಂಡಳಿಯಲ್ಲಿ ‘ಮಿಲಿಟರಿ ಸದಸ್ಯ’ ಎಂಬ ಹುದ್ದೆಯೊಂದಿತ್ತು. ಸೇನಾಪತಿಯ ಪ್ರಸ್ತಾವಗಳು ಈ ಸದಸ್ಯನ ಕೈದಾಟಿ ವೈಸರಾಯನ ಮೇಜಿಗೆ ಹೋಗುತ್ತಿದ್ದವು. ಸದಸ್ಯನೂ ಸೈನ್ಯದ ಅಧಿಕಾರಿಯೇ, ಆದರೆ ದರ್ಜೆಯಲ್ಲಿ ಸೇನಾಪತಿಗಿಂತ ಕಿರಿಯ. ತನ್ನ ಕಾಗದದ ಮೇಲೆ ತನಗಿಂತ ಕಿರಿಯನೊಬ್ಬ ಷರಾ ಬರೆಯುವುದನ್ನು 1902ರಲ್ಲಿ ಸೇನಾಪತಿಯಾಗಿ ಬಂದ ಕಿಚನರ್ ಒಪ್ಪಲಿಲ್ಲ; ಆ ಹುದ್ದೆಯನ್ನೇ ತೆಗೆಯಬೇಕೆಂದು ಪಟ್ಟು ಹಿಡಿದ. ಸೈನ್ಯದ ಮೇಲೆ ಎರಡನೆಯ ಕಣ್ಣು ಇರಬೇಕೆಂಬುದು ಕರ್ಜನ್ನನ ವಾದ. ಲಂಡನ್ ಸರ್ಕಾರ ಕಿಚನರನ ಕಡೆಗೆ ವಾಲಿದಾಗ ಕರ್ಜನ್ 1905ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟ. ಮರುವರ್ಷ ಮಿಲಿಟರಿ ಇಲಾಖೆ ರದ್ದಾಗಿ, ಆರ್ಮಿ ಇಲಾಖೆ ಮತ್ತು ಸರಬರಾಜು ಇಲಾಖೆಗಳು ಹುಟ್ಟಿದವು. ಸರಬರಾಜು ಇಲಾಖೆಯೂ 1909ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಸೇನಾಪತಿಯೇ ದಂಡನ್ನು ನಡೆಸುವವನೂ ಹೌದು, ದಂಡಿನ ಪರವಾಗಿ ಸರ್ಕಾರದಲ್ಲಿ ಕೂರುವವನೂ ಹೌದು. ಗಡಿಗೆಯೂ ಅವನದೇ, ಸೌಟೂ ಅವನದೇ.

1938ರಲ್ಲಿ ಆರ್ಮಿ ಇಲಾಖೆಗೆ ರಕ್ಷಣಾ ಇಲಾಖೆ ಎಂಬ ಹೆಸರು ಬಂತು. ಮಹಾಯುದ್ಧದ ನಡುವೆ, 1942ರಲ್ಲಿ, ಇದನ್ನು ಎರಡಾಗಿ ಒಡೆದು ಯುದ್ಧ ಇಲಾಖೆಯನ್ನು ಸೇನಾಪತಿಯ ಬಳಿಯೇ ಇಟ್ಟು, ಉಳಿದ ಕಡಿಮೆ ತೂಕದ ಕೆಲಸಗಳ ರಕ್ಷಣಾ ಇಲಾಖೆಯನ್ನು ಫಿರೋಜ್ ಖಾನ್ ನೂನ್ ಅವರಿಗೆ ಕೊಟ್ಟರು. ಹೆಸರು ಭಾರತೀಯನದು, ಅಧಿಕಾರ ಬ್ರಿಟಿಷ್ ಸೇನಾಪತಿಯದು. ಈ ವ್ಯವಸ್ಥೆ ನಿಜವಾಗಿ ಮುರಿದದ್ದು 1946ರ ಸೆಪ್ಟೆಂಬರ್ 2ರಂದು, ಮಧ್ಯಂತರ ಸರ್ಕಾರದಲ್ಲಿ ಬಲದೇವ್ ಸಿಂಗ್ ಅವರು ರಕ್ಷಣಾ ಸದಸ್ಯರಾದಾಗ. ಸೇನಾಪತಿ ಆಕಿನ್‌ಲೆಕ್ ಅಂದಿನವರೆಗೆ ವೈಸರಾಯ್ ಮಂಡಳಿಯಲ್ಲಿ ಕೂರುತ್ತಿದ್ದರು. ಅಂದಿನಿಂದ ಆ ಜಾಗದಲ್ಲಿ ಸಮವಸ್ತ್ರವಿಲ್ಲದ ಒಬ್ಬ ಭಾರತೀಯ ಕುಳಿತರು. ನೋಟ್ಸು ಈ ದಿನಾಂಕವನ್ನು ಸರಿಯಾಗಿ ಕೊಟ್ಟಿದೆ, ಅದರ ಅರ್ಥವನ್ನು ಮಾತ್ರ ಕೊಟ್ಟಿಲ್ಲ. ಇದೇ ಬದಲಾವಣೆಯನ್ನು ಕಣ್ಣಿಗೆ ಕಾಣುವಂತೆ ಹೇಳಬೇಕೆಂದರೆ ದೆಹಲಿಯ ತೀನ್ ಮೂರ್ತಿ ಭವನವನ್ನು ತೋರಿಸಿದರೆ ಸಾಕು: ಅದು ಸೇನಾಪತಿಯ ನಿವಾಸವಾಗಿದ್ದ ಫ್ಲ್ಯಾಗ್‌ಸ್ಟಾಫ್ ಹೌಸ್, 1948ರಲ್ಲಿ ಪ್ರಧಾನಿ ನೆಹರೂ ಅಲ್ಲಿಗೆ ವಾಸಕ್ಕೆ ಬಂದರು. 1955ರ ಏಪ್ರಿಲಿನಿಂದ ‘ಕಮಾಂಡರ್ ಇನ್ ಚೀಫ್’ ಎಂಬ ಪದವಿಯೇ ಹೋಗಿ ಮೂರೂ ಪಡೆಗಳ ಮುಖ್ಯಸ್ಥರು ‘ಚೀಫ್ ಆಫ್ ಸ್ಟಾಫ್’ ಆದರು. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ವಹಿಸಿಕೊಂಡದ್ದು ಹಳೆಯ ಪದವಿಯನ್ನು. ಅದೇ ಕೊಡಗಿನ ತಿಮ್ಮಯ್ಯನವರು 1957ರಲ್ಲಿ ವಹಿಸಿಕೊಂಡದ್ದು ಹೊಸ ಪದವಿಯನ್ನು. ನೋಟ್ಸಿನ ಪ್ರಶ್ನೋತ್ತರ ಭಾಗದಲ್ಲಿ ಇಬ್ಬರಿಗೂ ‘ಮಹಾದಂಡನಾಯಕ’ ಎಂಬ ಒಂದೇ ಪದ ಬಳಸಿದ್ದಾರೆ.

ಇನ್ನು ಪಟ್ಟಿಗೆ ಬರುತ್ತೇನೆ. ಕ್ರಮಸಂಖ್ಯೆ, ಹೆಸರು, ಇಂದ, ವರೆಗೆ, ಪಕ್ಷ ಎಂಬ ಐದು ಕಂಬಗಳ ಪಟ್ಟಿಯಿದು. ಬಲದೇವ್ ಸಿಂಗ್, ಗೋಪಾಲಸ್ವಾಮಿ ಅಯ್ಯಂಗಾರ್, ಕೈಲಾಸನಾಥ ಕಾಟ್ಜು, ಕೃಷ್ಣ ಮೆನನ್, ಯಶವಂತರಾವ್ ಚವಾಣ್, ಸ್ವರಣ್ ಸಿಂಗ್, ಜಗಜೀವನ್ ರಾಮ್ ಎಂದು ಹೆಸರುಗಳು ಒಂದರ ಕೆಳಗೊಂದು ಇಳಿಯುತ್ತವೆ. ಒಬ್ಬರು ಇಳಿದ ದಿನಕ್ಕೂ ಮತ್ತೊಬ್ಬರು ಏರಿದ ದಿನಕ್ಕೂ ಅಂತರವಿದ್ದ ಕಡೆಗಳಲ್ಲೆಲ್ಲ ಹೆಸರಿನ ಕಂಬದಲ್ಲಿ ಒಂದು ಅಡ್ಡಗೆರೆ. ನಾನು ಎಣಿಸಿದಂತೆ ಅಂಥ ಗೆರೆಗಳು ಎಂಟು. ಓದುವ ಹುಡುಗ ಇದನ್ನು ನೋಡಿ, ಆ ತಿಂಗಳುಗಳಲ್ಲಿ ದೇಶಕ್ಕೆ ರಕ್ಷಣಾ ಮಂತ್ರಿಯೇ ಇರಲಿಲ್ಲವೆಂದು ತಿಳಿದರೆ ತಪ್ಪು ಅವನದಲ್ಲ. ನನ್ನ ಮಗಳು ಹಾಗೆಯೇ ತಿಳಿದಳು, “ಅಪ್ಪಾ, 1953ರಿಂದ ಎರಡು ವರ್ಷ ಖಾಲಿ ಇಟ್ಟಿದ್ರಾ?” ಎಂದು ಕೇಳಿದಳು.

ಖಾಲಿ ಇಟ್ಟಿರಲಿಲ್ಲ. ಗೋಪಾಲಸ್ವಾಮಿ ಅಯ್ಯಂಗಾರ್ ಅವರು 1953ರ ಫೆಬ್ರವರಿಯಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಬಳಿಕ 1955ರ ಜನವರಿಯವರೆಗೆ ರಕ್ಷಣಾ ಖಾತೆ ಪ್ರಧಾನಿ ನೆಹರೂ ಅವರ ಬಳಿಯೇ ಇತ್ತು. 1957ರ ಆರಂಭದ ಕೆಲವು ತಿಂಗಳು ಮತ್ತೆ ಅವರ ಬಳಿ. ಮೂರನೆಯ ಸಲ 1962ರಲ್ಲಿ, ಮೂರು ವಾರಗಳ ಕಾಲ. ಈ ಮೂರನೆಯ ಅವಧಿ ಚಿಕ್ಕದು, ಆದರೆ ನನ್ನ ಮಟ್ಟಿಗೆ ಅತ್ಯಂತ ಭಾರವಾದದ್ದು. ಅಕ್ಟೋಬರ್ 20ರಂದು ಚೀನಾ ದಾಳಿ ಆರಂಭವಾಯಿತು. ಅಕ್ಟೋಬರ್ 31ರಂದು ಕೃಷ್ಣ ಮೆನನ್ ಅವರಿಂದ ರಕ್ಷಣಾ ಖಾತೆಯನ್ನು ತೆಗೆದು ಅವರನ್ನು ರಕ್ಷಣಾ ಉತ್ಪಾದನೆಯ ಮಂತ್ರಿಯನ್ನಾಗಿ ಮಾಡಿದರು. ಪಕ್ಷದೊಳಗಿನ ಸಿಟ್ಟು ಅಷ್ಟಕ್ಕೆ ತಣಿಯದೆ ಒಂದು ವಾರದಲ್ಲಿ ಅವರು ಸಂಪುಟವನ್ನೇ ಬಿಡಬೇಕಾಯಿತು. ಯುದ್ಧದ ಅತ್ಯಂತ ಕೆಟ್ಟ ದಿನಗಳಲ್ಲಿ, ಈಶಾನ್ಯ ಗಡಿಯ ಸೇಲಾ ಮತ್ತು ಬೊಮ್ಡಿಲಾ ಕೈತಪ್ಪಿದ ನವೆಂಬರಿನಲ್ಲಿ, ಪ್ರಧಾನಿಯೇ ರಕ್ಷಣಾ ಮಂತ್ರಿ. ಚೀನಾ ತಾನಾಗಿಯೇ ಕದನವಿರಾಮ ಸಾರಿದ ದಿನಗಳಲ್ಲಿ ಮುಂಬಯಿಯಿಂದ ಯಶವಂತರಾವ್ ಚವಾಣ್ ಬಂದು ಅಧಿಕಾರ ವಹಿಸಿಕೊಂಡರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಓಡಿತು ಎಂಬ ಮರಾಠಿ ಮಾತು ಬೆಳಗಾವಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಈ ಊರಿನಲ್ಲಿ ಅದು ಇರುವುದು ಸಹಜವೂ ಹೌದು. ಇಷ್ಟೆಲ್ಲ ನಡೆದ ಇಪ್ಪತ್ತೊಂದು ದಿನಗಳ ಜಾಗದಲ್ಲಿ ನೋಟ್ಸು ಗೆರೆಯನ್ನೂ ಎಳೆದಿಲ್ಲ. ಮೆನನ್ ಅವರ ಕೊನೆಯ ದಿನಾಂಕವನ್ನೇ ನವೆಂಬರಿಗೆ ಜಗ್ಗಿ, ಚವಾಣರ ಮೊದಲ ದಿನಾಂಕಕ್ಕೆ ಹೊಲಿದುಬಿಟ್ಟಿದೆ.

ಮಿಕ್ಕ ಗೆರೆಗಳನ್ನು ನಾನು ಹೀಗೆ ತುಂಬಿದೆ. 1975ರ ಡಿಸೆಂಬರಿನಲ್ಲಿ ಸ್ವರಣ್ ಸಿಂಗ್ ಮತ್ತು ಬನ್ಸಿಲಾಲರ ನಡುವೆ ಕೆಲವೇ ದಿನ ಇಂದಿರಾ ಗಾಂಧಿ. 1980ರ ಜನವರಿಯಿಂದ ಎರಡು ವರ್ಷ ಮತ್ತೆ ಇಂದಿರಾ, ಅವರಿಂದ ವೆಂಕಟರಾಮನ್. 1985ರ ಸೆಪ್ಟೆಂಬರಿನಿಂದ 1987ರ ಜನವರಿಯವರೆಗೆ ರಾಜೀವ್ ಗಾಂಧಿ. 1989ರ ಕೊನೆಯಿಂದ ವಿ.ಪಿ. ಸಿಂಗ್, ಅವರ ಬಳಿಕ ಚಂದ್ರಶೇಖರ್, ಇಬ್ಬರೂ ಪ್ರಧಾನಿಯಾಗಿದ್ದುಕೊಂಡೇ. 1993ರ ಮಾರ್ಚಿನಲ್ಲಿ ಶರದ್ ಪವಾರ್ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿ ಹೋದ ಮೇಲೆ 1996ರವರೆಗೆ ನರಸಿಂಹ ರಾವ್. ನೆಹರೂ ಸೇರಿ ಆರು ಮಂದಿ ಪ್ರಧಾನಿಗಳು ಈ ಖಾತೆಯನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. ಕೆಲವರಿಗೆ ಅದು ಅನಿವಾರ್ಯ, ಕೆಲವರಿಗೆ ಅದು ಆಯ್ಕೆ. ಯಾರನ್ನು ನಂಬಿ ಕೊಡುವುದು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಕುರ್ಚಿ ಪ್ರಧಾನಿಯ ಕೋಣೆಗೆ ಹೋಗುತ್ತಿತ್ತು. ರಾಜ್ಯ ಮಂತ್ರಿಯೊಬ್ಬರು ದಿನದ ಕಡತಗಳನ್ನು ನೋಡಿಕೊಳ್ಳುತ್ತಿದ್ದರು. ಈ ರಕ್ಷಣಾ ಮಂತ್ರಿಯ ಕಚೇರಿಯ ಇತಿಹಾಸವನ್ನು ನಿಜವಾಗಿ ತಿಳಿಯಬೇಕೆನ್ನುವವನು ಹೆಸರುಗಳನ್ನಷ್ಟೇ ಅಲ್ಲ, ಈ ಗೆರೆಗಳನ್ನೂ ಓದಬೇಕು.

ಗೆರೆಯ ಅಸಡ್ಡೆಯಿಂದ ಪರೀಕ್ಷೆಯಲ್ಲಿ ನೇರವಾಗಿ ಅಂಕ ಹೋಗುವ ಸಂಭವವೂ ಇದೆ. ಪ್ರಶ್ನೋತ್ತರ ಭಾಗದಲ್ಲಿ ‘ಭಾರತದ ಮೊದಲ ಮಹಿಳಾ ರಕ್ಷಣಾ ಮಂತ್ರಿ ಯಾರು?’ ಎಂಬ ಪ್ರಶ್ನೆಗೆ ನಿರ್ಮಲಾ ಸೀತಾರಾಮನ್ ಎಂದು ಉತ್ತರ ಕೊಟ್ಟಿದ್ದಾರೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಅವರು 2017ರ ಸೆಪ್ಟೆಂಬರಿನಲ್ಲಿ ಈ ಖಾತೆ ವಹಿಸಿಕೊಂಡ ಮೊದಲ ಪೂರ್ಣಾವಧಿ ಮಹಿಳಾ ಮಂತ್ರಿ. ಅದಕ್ಕಿಂತ ಸುಮಾರು ನಾಲ್ಕು ದಶಕ ಮೊದಲೇ ಇಂದಿರಾ ಗಾಂಧಿ ಆ ಹೊಣೆಯನ್ನು ಎರಡು ಸಲ ಹೊತ್ತಿದ್ದರು. ಪಟ್ಟಿಯಲ್ಲಿ ಇಂದಿರಾ ಅವರ ಹೆಸರಿನ ಜಾಗದಲ್ಲಿ ಗೆರೆ ಇದ್ದುದರಿಂದಲೇ ಈ ತಪ್ಪು ಹುಟ್ಟಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಲ್ಲಿ ನನ್ನ ಸೇವೆಯ ದಿನಗಳ ಒಂದು ಪ್ರಸಂಗ ನೆನಪಾಗುತ್ತದೆ. ಸೈನ್ಯದ ಯಾವುದೇ ಘಟಕಕ್ಕೆ ಹೋದರೂ ರಾಷ್ಟ್ರಪತಿಯಿಂದ ಹಿಡಿದು ಆ ಘಟಕದ ಕಮಾಂಡಿಂಗ್ ಆಫೀಸರ್ ವರೆಗಿನ ಹೆಸರುಗಳನ್ನು ಏಣಿಯಂತೆ ಬರೆದ ಫಲಕವೊಂದು ಕಾಣಸಿಗುತ್ತದೆ. ಹೊಸದಾಗಿ ಭರ್ತಿಯಾದ ಹುಡುಗರಿಗೆ ಆ ಏಣಿಯನ್ನು ಬಾಯಿಪಾಠ ಮಾಡಿಸುತ್ತಾರೆ. ನಾನಿದ್ದ ಘಟಕದಲ್ಲಿ ರಕ್ಷಣಾ ಮಂತ್ರಿಯ ಹೆಸರನ್ನು ಮಾತ್ರ ಬೇರೆಯ ತೆಳ್ಳನೆಯ ಹಲಗೆಪಟ್ಟಿಯ ಮೇಲೆ ಬರೆಸಿ, ಎರಡು ತಿರುಪು ಹಾಕಿ ಕೂರಿಸಿದ್ದರು. ಮಿಕ್ಕ ಹೆಸರುಗಳಿಗಿಂತ ಇದು ಬೇಗ ಬದಲಾಗುತ್ತದೆಂಬ ಅನುಭವದಿಂದ ಹಿಂದಿನ ಸುಬೇದಾರರೊಬ್ಬರು ಮಾಡಿದ ಏರ್ಪಾಡು ಅದು. 1996ರ ಮೇ ತಿಂಗಳಲ್ಲಿ ನರಸಿಂಹ ರಾವ್ ಅವರ ಪಟ್ಟಿಯನ್ನು ಬಿಚ್ಚಿ, ಪ್ರಮೋದ್ ಮಹಾಜನ್ ಎಂದು ಬರೆದುಕೊಡಲು ಪೇಂಟರನಿಗೆ ಕೊಟ್ಟೆವು. ಅವನು ಹಳೆಯ ಅಕ್ಷರ ಕೆರೆದು, ಹಸಿರು ಬಳಿದು, ಅದು ಒಣಗಿ, ಬಿಳಿ ಅಕ್ಷರ ಬರೆದು ತರುವಷ್ಟರಲ್ಲಿ ಸರ್ಕಾರವೇ ಬಿದ್ದಿತ್ತು. ಜೂನ್ 1ಕ್ಕೆ ದೇವೇಗೌಡರು ಪ್ರಧಾನಿಯಾಗಿ, ಮುಲಾಯಂ ಸಿಂಗ್ ಯಾದವ್ ರಕ್ಷಣಾ ಮಂತ್ರಿಯಾದರು. ಹಸಿ ಬಣ್ಣದ ಆ ಪಟ್ಟಿ ತಿರುಪಿನ ಮುಖ ಕಾಣದೆ ವಾಪಸು ಹೋಯಿತು. ಪೇಂಟರ್ ಎರಡು ಸಲದ ಮಜೂರಿ ಕೇಳಿದಾಗ ಬಿಲ್ಲಿನ ಮೇಲೆ ಏನು ಕಾರಣ ಬರೆಯುವುದೆಂದು ತಿಳಿಯದೆ ನಾನು ಪೆನ್ನು ಹಿಡಿದು ಕುಳಿತದ್ದು ಇಂದಿಗೂ ನೆನಪಿದೆ. ನೋಟ್ಸಿನ ಪಟ್ಟಿಯಲ್ಲಿ ಮಹಾಜನ್ ಅವರ ಹೆಸರು ಸರಿಯಾಗಿದೆ, ದಿನಾಂಕಗಳೂ ಸರಿಯಾಗಿವೆ. ಹದಿನಾರು ದಿನದವರಿಗೆ ಸಾಲು ಸಿಕ್ಕಿದೆ, ಎರಡು ವರ್ಷದವರಿಗೆ ಗೆರೆ ಸಿಕ್ಕಿದೆ.

ಮಂತ್ರಿಗಳ ಪರಿಚಯದ ಭಾಗ ಸಾಧಾರಣವಾಗಿದೆ. ಮೆನನ್ ಮತ್ತು ತಿಮ್ಮಯ್ಯ ಅವರ ನಡುವಿನ 1959ರ ಮನಸ್ತಾಪ, ತಿಮ್ಮಯ್ಯನವರು ರಾಜೀನಾಮೆ ಕೊಟ್ಟದ್ದು, ನೆಹರೂ ಮನವೊಲಿಸಿದ ಮೇಲೆ ಹಿಂತೆಗೆದುಕೊಂಡದ್ದು, ಇವುಗಳಿಗೆ ಒಂದೂವರೆ ಪುಟ ಮೀಸಲಿಟ್ಟಿರುವುದು ಒಳ್ಳೆಯದೇ. ಆದರೆ ಅದೇ ಮೆನನ್ ಅವರ ಕಾಲದಲ್ಲಿ, 1958ರಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಹುಟ್ಟಿತೆಂಬುದನ್ನೂ ಪಕ್ಕದಲ್ಲೇ ಹೇಳಿದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು. ಚವಾಣರ ಬಗೆಗಿನ ಪುಟ ಪುಸ್ತಕದಲ್ಲೇ ಚೆನ್ನಾದದ್ದು: 1965ರ ಸೆಪ್ಟೆಂಬರ್ 1ರಂದು ಜಮ್ಮುವಿನ ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ ವಾಯುಪಡೆಯನ್ನು ಇಳಿಸಲು ಅವರು ತಡಮಾಡದೆ ಒಪ್ಪಿದ್ದನ್ನು ನೇರವಾಗಿ, ಅತಿಶಯವಿಲ್ಲದೆ ಹೇಳಿದ್ದಾರೆ. 1971ರ ಯುದ್ಧದ ವೇಳೆ ಜಗಜೀವನ್ ರಾಮ್ ಇದ್ದರೆಂಬುದಕ್ಕೆ ಎರಡು ಸಾಲು ಸಾಲದು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರಿಗೆ ಇಲ್ಲಿ ಹೆಚ್ಚಿನ ಜಾಗವಿರಬಹುದೆಂದು ನಿರೀಕ್ಷಿಸಿದ್ದೆ. ಸಿಯಾಚಿನ್ನಿನ ಯೋಧರಿಗೆ ಬೇಕಾದ ಹಿಮವಾಹನಗಳ ಕಡತವನ್ನು ಹಿಡಿದಿಟ್ಟುಕೊಂಡಿದ್ದ ದೆಹಲಿಯ ಅಧಿಕಾರಿಗಳನ್ನು ಅವರು ಸಿಯಾಚಿನ್ನಿಗೇ ಕಳುಹಿಸಿದ ಕಥೆ ನಮ್ಮ ಬ್ಯಾರಕ್ಕುಗಳಲ್ಲಿ ತಿಂಗಳುಗಟ್ಟಲೆ ಓಡಾಡಿತ್ತು. ಪುಸ್ತಕದಲ್ಲಿ ಅದು ಇಲ್ಲ. 2001ರ ಮಾರ್ಚಿನಲ್ಲಿ ಅವರು ತೆಹೆಲ್ಕಾ ಬಯಲಿಗೆಳೆದ ರಕ್ಷಣಾ ಖರೀದಿ ಲಂಚದ ಪ್ರಕರಣದಿಂದ ರಾಜೀನಾಮೆ ಕೊಟ್ಟು, ಅದೇ ಅಕ್ಟೋಬರಿನಲ್ಲಿ ಮರಳಿದರೆಂಬುದಷ್ಟೇ ಇದೆ. ಕಾರವಾರದ ಸೀಬರ್ಡ್ ಯೋಜನೆಯೂ ಇಲ್ಲ. 1986ರಲ್ಲಿ ಪ್ರಧಾನಿಯೂ ರಕ್ಷಣಾ ಮಂತ್ರಿಯೂ ಆಗಿದ್ದ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಆ ನೌಕಾನೆಲೆಯಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ, ಪ್ರಣಬ್ ಮುಖರ್ಜಿ ಮಂತ್ರಿಯಾಗಿದ್ದಾಗ. ಅಡಿಗಲ್ಲಿಗೂ ಉದ್ಘಾಟನೆಗೂ ನಡುವೆ ಎಷ್ಟು ಹೆಸರುಗಳು ಕುರ್ಚಿಯಿಂದ ಎದ್ದುಹೋದವೆಂದು ಎಣಿಸಲು ಹೇಳಿದರೆ ಹುಡುಗರಿಗೆ ಪಟ್ಟಿ ತಾನಾಗಿಯೇ ಬಾಯಿಗೆ ಬರುತ್ತಿತ್ತು. ನೆರೆಯ ಗೋವೆಯಿಂದ ಹೋದ ಮನೋಹರ್ ಪರ್ರೀಕರ್ ಅವರ ಸಾಲಿನಲ್ಲಿ 2015ರ ಒನ್ ರ್ಯಾಂಕ್ ಒನ್ ಪೆನ್ಷನ್ ಘೋಷಣೆ ಇರುವುದನ್ನು ಪಿಂಚಣಿದಾರನಾಗಿ ನಾನು ವಿಶೇಷವಾಗಿ ಗಮನಿಸಿದೆ.

ಮಂತ್ರಾಲಯದ ರಚನೆಯ ಅಧ್ಯಾಯ ಹಳತಾಗಿದೆ. ನಾಲ್ಕು ಇಲಾಖೆಗಳೆಂದು ಬರೆದಿದ್ದಾರೆ. ಈಗ ಇರುವುದು ಐದು. ರಕ್ಷಣಾ ಇಲಾಖೆ ಮೊದಲಿನಿಂದಲೂ ಇದೆ. ಉತ್ಪಾದನಾ ಇಲಾಖೆ 1962ರ ಆಘಾತದ ಮಗು, ಆ ನವೆಂಬರಿನಲ್ಲೇ ಹುಟ್ಟಿತು. ಸಂಶೋಧನೆ ಮತ್ತು ಅಭಿವೃದ್ಧಿ ಇಲಾಖೆ 1980ರಲ್ಲಿ, ಮಾಜಿ ಸೈನಿಕರ ಕಲ್ಯಾಣ ಇಲಾಖೆ 2004ರಲ್ಲಿ ಬಂದವು. ಐದನೆಯದು 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ಮೊದಲ ಚೀಫ್ ಆಫ್ ಡಿಫೆನ್ಸ್ ಸ್ಟಾಫ್ (ಸಿಡಿಎಸ್) ಆದಾಗ ಆರಂಭವಾದ ಸೇನಾ ವ್ಯವಹಾರಗಳ ಇಲಾಖೆ. ಇದರ ಕಾರ್ಯದರ್ಶಿ ಸಮವಸ್ತ್ರದಲ್ಲಿರುವ ಸೇನಾಧಿಕಾರಿಯೇ. ಕರ್ಜನ್ ಮತ್ತು ಕಿಚನರ್ ಕಾದಾಡಿದ ಪ್ರಶ್ನೆ, ಅಂದರೆ ಸೈನ್ಯದ ಕಡತದ ಮೇಲೆ ಯಾರ ಷರಾ ಎಂಬುದು, ನೂರಾ ಹದಿನೈದು ವರ್ಷಗಳ ಬಳಿಕ ಬೇರೆ ರೂಪದಲ್ಲಿ ಇತ್ಯರ್ಥಕ್ಕೆ ಬಂದದ್ದು ಇಲ್ಲಿ. ಮಂತ್ರಿಯೇ ಮೇಲೆ ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. ಮಂತ್ರಿಯ ಮೇಜಿಗೆ ಹೋಗುವ ದಾರಿಯಲ್ಲಿ ಐಎಎಸ್ ಅಧಿಕಾರಿಯ ಜೊತೆಗೆ ಸೇನಾಧಿಕಾರಿಗೂ ಒಂದು ಬಾಗಿಲು ಸಿಕ್ಕಿತು. ರಾವತ್ ಅವರು 2021ರ ಡಿಸೆಂಬರ್ 8ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಜನರಲ್ ಅನಿಲ್ ಚೌಹಾಣ್ 2022ರ ಸೆಪ್ಟೆಂಬರ್ 30ರಂದು ಬರುವವರೆಗೆ ಆ ಹುದ್ದೆ ನಿಜವಾಗಿಯೇ ಖಾಲಿಯಿತ್ತು. ಗೆರೆ ಎಳೆಯಬೇಕಾದ ಜಾಗವೆಂದರೆ ಅದು.

ಈ ಅಧ್ಯಾಯದಲ್ಲಿ ‘ಸಿಡಿಎಸ್’ ಎಂಬ ಮೂರಕ್ಷರವನ್ನು ಯುಪಿಎಸ್‌ಸಿ ನಡೆಸುವ ಪರೀಕ್ಷೆಗೂ ಈ ಹುದ್ದೆಗೂ ವಿವರಣೆಯಿಲ್ಲದೆ ಬಳಸಿರುವುದರಿಂದ, ‘ಸಿಡಿಎಸ್ ಆಗಲು ವಯಸ್ಸಿನ ಮಿತಿ’ ಎಂಬ ಸಾಲು ಯಾವುದರ ಬಗ್ಗೆ ಎಂದು ತಿಳಿಯಲು ನಾನೇ ಎರಡು ಸಲ ಓದಬೇಕಾಯಿತು.

ಕಾರ್ಗಿಲ್ ಯುದ್ಧದ ನಂತರದ ಸುಧಾರಣೆಗಳನ್ನು ಚೆನ್ನಾಗಿ ಸಂಗ್ರಹಿಸಿದ್ದಾರೆ: ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಾಮರ್ಶೆ ಸಮಿತಿ, 2001ರ ಮಂತ್ರಿಗಳ ಗುಂಪಿನ ವರದಿ, ಅದೇ ವರ್ಷ ರಕ್ಷಣಾ ಮಂತ್ರಿಯ ಅಧ್ಯಕ್ಷತೆಯಲ್ಲಿ ರಚನೆಯಾದ ಖರೀದಿ ಮಂಡಳಿ. ಆ ಸುಧಾರಣೆಗಳು ನಮ್ಮಂಥ ಗುಮಾಸ್ತರವರೆಗೆ ಇಳಿದ ರೀತಿ ಬೇರೆ. ಅದುವರೆಗೆ ‘ಆರ್ಮಿ ಹೆಡ್‌ಕ್ವಾರ್ಟರ್ಸ್’ ಎಂದು ಎರಡೇ ಪದಗಳಲ್ಲಿ ಮುಗಿಯುತ್ತಿದ್ದ ವಿಳಾಸ ‘ಇಂಟಿಗ್ರೇಟೆಡ್ ಹೆಡ್‌ಕ್ವಾರ್ಟರ್ಸ್ ಆಫ್ ಮಿನಿಸ್ಟ್ರಿ ಆಫ್ ಡಿಫೆನ್ಸ್, ಆರ್ಮಿ’ ಎಂದಾಯಿತು. ಸೇನಾ ಮುಖ್ಯ ಕಚೇರಿ ಮಂತ್ರಾಲಯಕ್ಕೆ ಹೊರಗಿನದಲ್ಲ, ಅದರ ಒಳಗಿನದು ಎಂಬುದು ಅದರ ತಾತ್ಪರ್ಯ. ನಮ್ಮ ಪಾಲಿಗೆ ಅದು ಲಕೋಟೆಯ ಮೇಲೆ ಒಂದು ಸಾಲಿನ ಬದಲು ಎರಡು ಸಾಲು, ಹಳೆಯ ರಬ್ಬರ್ ಮೊಹರುಗಳ ಬದಲು ಹೊಸವು. ಪತ್ರಗಳು ಮೊದಲು ತಲುಪುತ್ತಿದ್ದ ವಿಭಾಗಕ್ಕೇ ತಲುಪುತ್ತಿದ್ದವು, ಉತ್ತರವೂ ಮೊದಲಿನಷ್ಟೇ ನಿಧಾನವಾಗಿ ಬರುತ್ತಿತ್ತು.

ಕೊನೆಯ ಭಾಗ ಬೇರೆ ದೇಶಗಳ ಹೋಲಿಕೆ. ಇಲ್ಲಿ ಅನುವಾದದ ಎಡವಟ್ಟು ದೊಡ್ಡದು. ಅಮೆರಿಕದ ರಕ್ಷಣಾ ಮಂತ್ರಿಯನ್ನು ‘ರಕ್ಷಣಾ ಕಾಯದಶಿ’ ಎಂದು ಬರೆದಿದ್ದಾರೆ. ಅವರ ದೇಶದಲ್ಲಿ ಮಂತ್ರಿಯನ್ನೇ ‘ಸೆಕ್ರೆಟರಿ’ ಎನ್ನುವುದು ರೂಢಿ. ನಮ್ಮಲ್ಲಿ ರಕ್ಷಣಾ ಕಾರ್ಯದರ್ಶಿಯೆಂದರೆ ಮಂತ್ರಿಯ ಕೆಳಗಿನ ಐಎಎಸ್ ಅಧಿಕಾರಿ. 1947ರಿಂದ 1953ರವರೆಗೆ ನಮ್ಮ ರಕ್ಷಣಾ ಕಾರ್ಯದರ್ಶಿಯಾಗಿದ್ದ ಎಚ್.ಎಂ. ಪಟೇಲರನ್ನೂ ಅಮೆರಿಕದ ಜೇಮ್ಸ್ ಫಾರೆಸ್ಟಲ್ ಅವರನ್ನೂ ಒಂದೇ ಸಾಲಿನಲ್ಲಿ ಸಮಾನ ದರ್ಜೆಯವರೆಂಬಂತೆ ಕೂರಿಸಿರುವುದನ್ನು ನೋಡಿ ನಗು ಬಂತು. ಫಾರೆಸ್ಟಲ್ 1947ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೊದಲ ರಕ್ಷಣಾ ಮಂತ್ರಿಯಾದವರು. ಆ ಹುದ್ದೆಗೆ ಬರುವವರು ಸೈನ್ಯ ಬಿಟ್ಟು ಹತ್ತು ವರ್ಷವಾಗಿರಬೇಕು ಎಂಬ ಕಾನೂನನ್ನು ಅಮೆರಿಕದವರು ಮಾಡಿಕೊಂಡಿದ್ದರು. 2008ರಲ್ಲಿ ಅದನ್ನು ಏಳು ವರ್ಷಕ್ಕೆ ಇಳಿಸಿದರು. 1950ರಲ್ಲಿ ಜಾರ್ಜ್ ಮಾರ್ಷಲ್, 2017ರಲ್ಲಿ ಜೇಮ್ಸ್ ಮ್ಯಾಟಿಸ್, 2021ರಲ್ಲಿ ಲಾಯ್ಡ್ ಆಸ್ಟಿನ್ ಅವರಿಗಾಗಿ ಸಂಸತ್ತು ಈ ನಿಯಮಕ್ಕೆ ವಿನಾಯಿತಿ ಕೊಡಬೇಕಾಯಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಜಸ್ವಂತ್ ಸಿಂಗ್ ಹಿಂದೊಮ್ಮೆ ಸೈನ್ಯದಲ್ಲಿ ಮೇಜರ್ ಆಗಿದ್ದವರು, 2001ರಲ್ಲಿ ಏಳು ತಿಂಗಳು ರಕ್ಷಣಾ ಖಾತೆಯನ್ನೂ ನೋಡಿಕೊಂಡರು. ಬ್ರಿಟನ್ನಿನ ಸಾಲಿನಲ್ಲಿ ಚರ್ಚಿಲ್ 1940ರಲ್ಲಿ ಪ್ರಧಾನಿಯಾಗಿ ತಾನೇ ರಕ್ಷಣಾ ಮಂತ್ರಿಯೂ ಆದದ್ದನ್ನು ಬರೆದಿದ್ದಾರೆ. ಚರ್ಚಿಲ್ ಹೆಸರಿನ ಎದುರು ಗೆರೆಯಿಲ್ಲ, ‘ಪ್ರಧಾನಿ ಮತ್ತು ರಕ್ಷಣಾ ಮಂತ್ರಿ’ ಎಂದು ಸ್ಪಷ್ಟವಾಗಿ ಇದೆ. ಅದೇ ಮರ್ಯಾದೆಯನ್ನು ನೆಹರೂ ಅವರಿಗೂ ಇಂದಿರಾ ಅವರಿಗೂ ಕೊಡಬಹುದಿತ್ತು.

ಹಾಗಿದ್ದರೆ ಕೊಳ್ಳಬಹುದೇ? ಅಗ್ನಿವೀರ್ ಅಥವಾ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಕೂರುವವರಿಗೆ, ಮೇಲಿನ ತಿದ್ದುಪಡಿಗಳನ್ನು ಮಾಡಿಕೊಂಡು ಓದುವುದಾದರೆ, ಈ ಬೆಲೆಗೆ ನಷ್ಟವಿಲ್ಲ. ಕೆಎಎಸ್ ಮುಖ್ಯ ಪರೀಕ್ಷೆಗೆ ಬರೆಯುವವರಿಗೆ ಮೊದಲ ಇಪ್ಪತ್ತು ಪುಟ ಸಾಲದು, ಕೊನೆಯ ಮೂವತ್ತು ಪುಟ ಬೇಡ. ರಕ್ಷಣಾ ಖಾತೆಯ ಬಗ್ಗೆ ಕನ್ನಡದಲ್ಲಿ ಒಂದು ಕಡೆ ಇಷ್ಟು ವಿಷಯವನ್ನು ಯಾರೋ ಕುಳಿತು ಟೈಪು ಮಾಡಿದ್ದಾರಲ್ಲ ಎಂಬ ಕಾರಣಕ್ಕೆ ನಾನು ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಅರ್ಕಾವತ್ತುಗಳು ಮರಳಿದರೆ ಮೂರು.

ಪೆನ್ಸಿಲ್ಲಿನಿಂದ ಗೆರೆಗಳ ಮೇಲೆ ಹೆಸರು ಬರೆದಿದ್ದ ನನ್ನ ಪ್ರತಿಯನ್ನು ಕಳೆದ ವಾರ ಅಂಗಡಿಗೆ ಒಯ್ದು ತೋರಿಸಿದೆ. ಹುಡುಗ ನಾಲ್ಕೂ ಪುಟಗಳನ್ನು ಕೂಲಂಕಷವಾಗಿ ನೋಡಿ, “ಹಿಂಗ ಇರ್ಲಿ ಬಿಡ್ರೀ ಕಾಕಾ, ಒಂದ್ ಕಾಪಿ ತಕ್ಕೊಂಡ್ ಇಟ್ಕೋತೀನಿ” ಎಂದು ಅಲ್ಲೇ ಯಂತ್ರದ ಮೇಲಿಟ್ಟ. ನಿನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ: ಹೊಸ ಕಟ್ಟುಗಳಲ್ಲಿ ಆ ನಾಲ್ಕು ಪುಟಗಳು ನನ್ನ ಕೈಬರಹದೊಂದಿಗೇ ಇವೆ. ಬೆಲೆ ಈಗ 170.